ನಾಲ್ಕು ಇಂಚು ಮೇಲಕ್ಕೆದ್ದ ಜೀಪು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಬುಧವಾರದ ಹಿಂದಿನ ಬುಧವಾರ, ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಏಳು ಸಮುದ್ರ ದಾಟಿಸುವ ಹಾರುವ ಕುದುರೆ ಅವನಲ್ಲಿರಲಿಲ್ಲ. ಹಿಂಭಾಗ ಕುಸಿದ ಒಂದು ಹಳೇ ಜೀಪಿತ್ತು. ಸರ್ಪ ಕಾಯುವ ನಿಧಿಯೂ ಇರಲಿಲ್ಲ. ಸೋದರತ್ತೆ ಕಾಯುವ ಒಂಬತ್ತು ಹೊಲಿಗೆ ಮೆಷಿನ್ನುಗಳಿದ್ದವು. ದಿನವಿಡೀ ಗಡಿಯಾರದ ಮುಳ್ಳು ತಿರುಗಿಸುತ್ತಾನೆಂದು ಜನ ಅವನನ್ನು ಮುಳ್ಳಪ್ಪ ಎಂದು ಕರೆಯುತ್ತಿದ್ದರು. ಕರೆಯುವುದು ಮುಳ್ಳಪ್ಪನೆಂದಾದರೂ ಆಸಾಮಿ ಬೆಣ್ಣೆ. ಎದುರಿಗಿದ್ದವರ ಮುಖ ಸಣ್ಣದಾಗುತ್ತದೆಂದರೆ ಹಗಲನ್ನು ರಾತ್ರಿಯೆಂದು ಒಪ್ಪಿಕೊಳ್ಳುವ ಜಾತಿ.

ಸೋದರತ್ತೆ ಹೊಲಿಗೆ ಶಾಲೆ ನಡೆಸಿದವಳು. ಶಾಲೆ ಮುಚ್ಚಿದ ಮೇಲೆ, ಕಾಲಲ್ಲಿ ತುಳಿಯುವ ಕಬ್ಬಿಣದ ಮೆಷಿನ್ನುಗಳೊಂದಿಗೆ ಬಂದು ಮುಳ್ಳಪ್ಪನ ಮುಂದಿನ ಕೋಣೆಯಲ್ಲಿ ಇಳಿದಿದ್ದಳು. ಅದಾಗಿ ಮೂರು ವರ್ಷ. ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವುದು ಆ ಕೋಣೆಗೊಂದಕ್ಕೇ. ಗಡಿಯಾರದ ಕೆಲಸ ಅಡುಗೆಮನೆಯ ಕಟ್ಟೆಗೆ, ಸಕ್ಕರೆ ಡಬ್ಬಿಯ ಪಕ್ಕಕ್ಕೆ ಸರಿಯಿತು. ಹೋದ ತಿಂಗಳು ಒಬ್ಬರು ತಮ್ಮ ಗೋಡೆ ಗಡಿಯಾರ ಒಯ್ದು ನೇತುಹಾಕಿದರೆ, ಹನ್ನೆರಡಕ್ಕೆ ಸರಿಯಾಗಿ ಗಂಟೆಯ ಬದಲು ಇರುವೆ ಹೊರಟವು. ಆಮೇಲೆ ಆ ಬೀದಿಯ ಗಿರಾಕಿಗಳು ಈ ಕಡೆ ತಲೆ ಹಾಕಲಿಲ್ಲ.

ಈಗ ದೇವರು ಕಣ್ಣು ಬಿಟ್ಟಿದ್ದ. ಬೆಟ್ಟದ ಮೇಲಿರುವ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ಫೋನು ಮಾಡಿದ್ದಳು: "ಅಕ್ಕ, ಇಲ್ಲಿ ಹದಿನೆಂಟು ಜನ ಹೆಂಗಸರು ಹೊಲಿಗೆ ಕಲೀತೀವಿ ಅಂತ ಕಾಯ್ತಿದಾರೆ. ಬುಧವಾರ ಸಾಯಂಕಾಲ ನಾಲ್ಕಕ್ಕೆ ಕ್ಲಾಸು. ಮೆಷಿನ್ ಸಮೇತ ಬಂದುಬಿಡು."

ಹೋಗುವುದು ಹೇಗೆ? ಬೆಟ್ಟದ ದಾರಿಯಲ್ಲಿ ಲಾರಿ ನುಗ್ಗದು, ಜೀಪೇ ಆಗಬೇಕು. ನಡುದಾರಿಯಲ್ಲಿ ಆಮೆಯ ಬೆನ್ನಿನಂಥ ಒಂದು ಬಂಡೆ ಬೇರೆ. ಅದಕ್ಕೆ ಆಮೆಕಲ್ಲು ಅಂತಲೇ ಹೆಸರು. ಎರಡು ವರ್ಷದ ಹಿಂದೆ ಒಮ್ಮೆ ಎಲ್ಲ ಹೇರಿಕೊಂಡು ಹೋದಾಗ ಜೀಪಿನ ಹೊಟ್ಟೆ ಆ ಕಲ್ಲಿನ ಮೇಲೆ ಕೂತು, ನಾಲ್ಕು ಚಕ್ರವೂ ಗಾಳಿಯಲ್ಲಿ ಈಜಾಡಿ, ಆಮೆಯ ಮೇಲೊಂದು ಆಮೆ ಕೂತಂತಾಗಿತ್ತು. ಎತ್ತಿ ಇಳಿಸಲು ಎಂಟು ಜನ ಬೇಕಾಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದ್ದಾಯಿತು.

ಆ ಬುಧವಾರ ಬೆಳಿಗ್ಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಹೇಳಿದಳು. "ರೀ, ಇವತ್ತು ಮೆಷಿನ್ ಬೆಟ್ಟ ಹತ್ತಿದ್ರೆ ಮುಂದಿನ ರೂಮು ನಿಮ್ದು. ಹತ್ತಲಿಲ್ವಾ, ನಾಳೆಯಿಂದ ಅದು ನನ್ನ ತಮ್ಮಂದು. ಬಾಡಿಗೆ ಮನೆಯವರು ಅವನನ್ನ ಓಡ್ಸಿದಾರೆ."

"ಯಾಕೆ ಓಡ್ಸಿದ್ರು?"

"ಡ್ರಮ್ ಬಾರಿಸೋದು ಕಲೀತಿದಾನೆ."

ಮುಳ್ಳಪ್ಪ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಗ್ಯಾರೇಜಿನ ಕಮಾನಜ್ಜ ನಲವತ್ತು ವರ್ಷದಿಂದ ಸ್ಪ್ರಿಂಗು ಬಿಟ್ಟು ಬೇರೆ ಕೆಲಸ ಮುಟ್ಟಿದವನಲ್ಲ. ಕೊರಳಲ್ಲಿ ಸದಾ ಒಂದು ಟೇಪು. ಅತ್ತೆಯ ಕೊರಳಲ್ಲೂ ಟೇಪು. ಇಬ್ಬರೂ ಒಬ್ಬರ ಟೇಪನ್ನು ಇನ್ನೊಬ್ಬರು ನೋಡಿಕೊಂಡ ರೀತಿ, ಎರಡು ರಾಜ್ಯದ ರಾಜರು ಕತ್ತಿ ನೋಡಿಕೊಂಡಂತಿತ್ತು. ಕಲ್ಲಿಗೆ ತಾಗದಷ್ಟು ಎತ್ತರಿಸಲೆಂದು ಮೆಷಿನ್ನು ಹೇರಿ ತಂದಿದ್ದ ಜೀಪಿನ ಹಿಂದೆ ಬೀದಿಯ ಇಬ್ಬರು ಹಿತೈಷಿಗಳೂ ಕರೆಯದೆ ಬಂದಿದ್ದರು. ಒಬ್ಬ, ಬಸ್ಸಿನ ಡ್ರೈವರಾಗಿ ರಿಟೈರಾದ ಹಾರ್ನ್ ಮಾಮ; ಪಿಸುಗುಟ್ಟಿದರೂ ನಾಲ್ಕು ಮನೆಗೆ ಕೇಳಿಸುವ ಗಂಟಲು. ಇನ್ನೊಬ್ಬಳು, ಪಕ್ಕದ ಮನೆಯ ಲೆಕ್ಕದ ಮೇಡಂ. ಊರಿನವರ ತಪ್ಪೆಲ್ಲ ಅವಳ ಬಾಯಲ್ಲಿ ಲೆಕ್ಕವಾಗಿರುತ್ತಿತ್ತು.

"ಆರಿಂಚು ಎತ್ತಿಸೋ ಮುಳ್ಳಪ್ಪ!" ಹಾರ್ನ್ ಮಾಮ ಕೂಗಿದ. "ಕಲ್ಲೇನು, ಕಲ್ಲಿನಪ್ಪನ ಮೇಲೂ ಹಾರ್ಕೊಂಡು ಹೋಗುತ್ತೆ."

"ಆರಿಂಚು ಎತ್ತಿದ್ರೆ ಮೊದಲನೇ ತಿರುವಲ್ಲೇ ಪಲ್ಟಿ," ಎಂದಳು ಮೇಡಂ. "ಎರಡು ಸಾಕು."

"ಎರಡಿಂಚು ಎತ್ತೋಕೆ ಗ್ಯಾರೇಜ್ ಯಾಕ್ರೀ? ದಪ್ಪ ಚಪ್ಪಲಿ ಹಾಕ್ಸಿದ್ರಾಯ್ತು!"

ಕಮಾನಜ್ಜ ಇಬ್ಬರನ್ನೂ ನೋಣ ಓಡಿಸಿದಂತೆ ಕೈಯಾಡಿಸಿ ಪಕ್ಕಕ್ಕೆ ಸರಿಸಿದ. "ಎತ್ತರ ಆಮೇಲೆ. ಎತ್ತರ ಕೇಳಿ ಸ್ಪ್ರಿಂಗ್ ಹಾಕೋನು ವ್ಯಾಪಾರಿ, ಭಾರ ಕೇಳಿ ಹಾಕೋನು ಮೆಕ್ಯಾನಿಕ್ಕು. ಹೇಳಿ, ಈ ಭಾರ ಯಾವಾಗ್ಲೂ ಇರೋದೋ, ಇವತ್ತೊಂದು ದಿನದ್ದೋ?"

"ಏನು ವ್ಯತ್ಯಾಸ ಅಜ್ಜ?"

"ಒಂದು ದಿನದ್ದಾದ್ರೆ ಸ್ಪ್ರಿಂಗಿಗೆ ಮೆದು ಪಟ್ಟಿ. ಅರ್ಧರ್ಧ ಹೇರ್ಕೊಂಡು ಎರಡು ಸಲ ಹೋಗಿ. ಯಾವಾಗ್ಲೂ ಇರೋದಾದ್ರೆ ಗಟ್ಟಿ ಪಟ್ಟಿ. ಆದ್ರೆ ಗಟ್ಟಿ ಪಟ್ಟಿ ಅಂದ್ರೆ ಮೊಂಡು ಎತ್ತು ಇದ್ದ ಹಾಗೆ, ಹೊರೆ ಇದ್ರೇನೇ ತಲೆ ತಗ್ಗಿಸೋದು. ನಿಜ ಹೇಳ್ಬೇಕು ಮತ್ತೆ."

ಒಂದೇ ದಿನ ಅಜ್ಜ, ಒಂದೇ ಒಂದು ದಿನ ಎನ್ನಲು ಮುಳ್ಳಪ್ಪ ಬಾಯಿ ತೆರೆದ. ಪಕ್ಕದಲ್ಲಿ ಅತ್ತೆ ನಿಂತಿದ್ದಳು.

"ಯಾಕೋ ತಡವರಿಸ್ತೀಯ?" ಅವಳ ದನಿ ಒದ್ದೆಯಾಗಿತ್ತು. "ಇವತ್ತು ಬಿಟ್ಟು ಬಂದ್ರೆ ಅತ್ತೆ ಪೀಡೆ ತೊಲಗ್ತು ಅಂತಾನಾ? ನಾಳೆ ನಾನು ಬರ್ತೀನಿ ಅಂದ್ರೆ ಕರ್ಕೊಂಡು ಬರೋನು ನೀನೇ ತಾನೆ?"

ಇಡೀ ಗ್ಯಾರೇಜು ಮುಳ್ಳಪ್ಪನ ಮುಖ ನೋಡಿತು.

"ಯಾವಾಗ್ಲೂ ಅಜ್ಜ!" ಎಂದ ಮುಳ್ಳಪ್ಪ. "ಅತ್ತೆ ಎಲ್ಲೋ ಮೆಷಿನ್ ಅಲ್ಲಿ, ಮೆಷಿನ್ ಎಲ್ಲೋ ನನ್ನ ಜೀಪ್ ಅಲ್ಲಿ. ಈ ಭಾರ ಜನ್ಮದ್ದು!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾರ್ನ್ ಮಾಮ ಮೂಗು ಸೀನಿದ. ಕಮಾನಜ್ಜ ಎಲ್ಲಕ್ಕಿಂತ ದಪ್ಪದ ಪಟ್ಟಿಗಳನ್ನು ಎಳೆದು ತಂದ.

ಮೆಷಿನ್ನುಗಳನ್ನು ಇಳಿಸಿ ಕೆಲಸ ಶುರುವಾಯಿತು. ಹಳೇ ಪಟ್ಟಿಗಳು ಹೊರಬಂದಾಗ ಅವುಗಳಲ್ಲಿ ಬಾಗೇ ಉಳಿದಿರಲಿಲ್ಲ, ಅಡ್ಡಬಿದ್ದ ಅಳತೆಕೋಲುಗಳಂತಿದ್ದವು. ಹೊಸವು ಹುಬ್ಬೇರಿಸಿದ ಹಾಗೆ ಕಮಾನಾಗಿದ್ದವು. ಉದ್ದದ ಶಾಕ್ ಅಬ್ಸಾರ್ಬರು, ಉದ್ದದ ಬ್ರೇಕ್ ಪೈಪು ಎಲ್ಲ ಕೂತವು. ಕೊನೆಯ ಬೋಲ್ಟುಗಳ ಬಳಿ ಬಂದಾಗ ಅಜ್ಜ ಪಾನಾ ಕೆಳಗಿಟ್ಟ.

"ಪೂರ್ತಿ ಭಾರ ಹೇರಿ, ಗಾಡಿ ನೆಲದ ಮೇಲೆ ನಿಲ್ಲಿಸಿದ ಮೇಲೇ ಇವನ್ನ ಬಿಗಿಯೋದು. ಹೇರಿ ಎಲ್ಲಾನೂ."

ಹೇರಿದರು. ಎಂಟೇ ಇದ್ದವು!

"ಒಂಬತ್ತನೇದು ಎಲ್ಲೋ?" ಅತ್ತೆ ಚೀರಿದಳು.

ಎಲ್ಲರೂ ಎಲ್ಲರ ಮುಖ ನೋಡಿಕೊಂಡರು. ಲೆಕ್ಕದ ಮೇಡಂ ಮಾತ್ರ ಗ್ಯಾರೇಜಿನ ಸೂರು ನೋಡುತ್ತಿದ್ದಳು. "ಪರದೆ ಹೊಲ್ಕೊಳ್ಳೋಕೆ ಅಂತ... ಮೊನ್ನೆ ತಗೊಂಡಿದ್ದೆ," ಎಂದಳು ಕೊನೆಗೆ.

"ಮೊನ್ನೆ ಅಲ್ಲ, ಹೋದ ವರ್ಷ!" ಎಂದಳು ಅತ್ತೆ.

"ಅದನ್ಯಾಕೆ ತರೋದು? ಒಂಬತ್ತನೇ ಮೆಷಿನ್ ನಾನೇ!" ಎಂದು ಹಾರ್ನ್ ಮಾಮ ಹಿಂದೆ ಹತ್ತಿ ಕೂತೇಬಿಟ್ಟ. "ಬಿಗೀರಿ ಅಜ್ಜ!"

"ನಿನ್ನ ತೂಕ ಎಷ್ಟಪ್ಪ?"

"ಅರವತ್ತು."

"ತೊಂಬತ್ತೆರಡು," ಎಂದಳು ಮೇಡಂ, ಕಳೆದುಹೋದ ಮರ್ಯಾದೆಯನ್ನು ತಿರುಗಿ ಸಂಪಾದಿಸುತ್ತ. "ಔಷಧಿ ಅಂಗಡಿ ತೂಕದ ಮೆಷಿನ್ನಿನ ಮುಳ್ಳೇ ತಿರುಗಿಹೋಯ್ತು, ನಾನೇ ನೋಡಿದೀನಿ."

ಅಜ್ಜ ಒಪ್ಪಲಿಲ್ಲ. ಮುಳ್ಳಪ್ಪ ಓಡಿದ. ಮೇಡಂ ಮನೆಯ ಮೂರನೇ ಮಹಡಿಯಿಂದ ಆ ಕಬ್ಬಿಣದ ಮೆಷಿನ್ನನ್ನು ಅಪ್ಪಿಕೊಂಡು ಇಳಿಸಿ, ಒಂದು ತಳ್ಳುಗಾಡಿ ಬೇಡಿ ತಂದು, ಇಡೀ ಪೇಟೆಯ ಮುಂದೆ ತಳ್ಳಿಕೊಂಡು ಬಂದ. ದಾರಿಯಲ್ಲಿ ಮೂವರು ಹರಿದ ಬಟ್ಟೆ ತೋರಿಸಿ ಹೊಲಿದುಕೊಡುತ್ತೀಯಾ ಎಂದು ಕೇಳಿದರು.

ಒಂಬತ್ತನೆಯದು ಏರಿತು, ಅತ್ತೆಯೂ ಏರಿದಳು. ನೆಲದಿಂದ ಅಷ್ಟು ಎತ್ತರದ ಸೀಟಿಗೆ ಅವಳನ್ನು ಏರಿಸಲು ಒಂದು ಸ್ಟೂಲು, ಒಂದು ಟೈರು, ಹಾರ್ನ್ ಮಾಮನ ಹೆಗಲು ಮೂರೂ ಬೇಕಾದವು. ಅಜ್ಜ ಬೋಲ್ಟು ಬಿಗಿದು, ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು, "ಮೊದಲಿಗಿಂತ ನಾಲ್ಕಿಂಚು ಎತ್ತರ," ಎಂದ. ಅತ್ತೆ ಮೇಲಿಂದಲೇ ತನ್ನ ಟೇಪು ಇಳಿಬಿಟ್ಟು ಮುಳ್ಳಪ್ಪನಿಂದ ಇನ್ನೊಮ್ಮೆ ಅಳೆಸಿದಳು.

"ನಾಲ್ಕೂ ಕಾಲು," ಎಂದಳು.

"ಕಾಲಿಂಚು ನಿಮಗೆ ಉಚಿತ ತಾಯಿ," ಎಂದ ಅಜ್ಜ.

ಜೀಪು ಮುಂದೂ ತಗ್ಗದೆ ಹಿಂದೂ ಕುಸಿಯದೆ, ಉಕ್ಕಿನ ರಾಜಕುಮಾರನಂತೆ ಹೊರಟಿತು. ಬೆಟ್ಟದ ದಾರಿಯಲ್ಲಿ ಆಮೆಕಲ್ಲು ಕಂಡಾಗ ಮುಳ್ಳಪ್ಪನ ಎದೆ ಗಡಿಯಾರ ಎರಡು ಸೆಕೆಂಡು ಮುಂದೆ ಓಡಿತು. ಅತ್ತೆ ಕಣ್ಣು ಮುಚ್ಚಿಕೊಂಡಳು. ಅವನೂ ಮುಚ್ಚುವವನಿದ್ದ, ಸ್ಟಿಯರಿಂಗು ತನ್ನ ಕೈಯಲ್ಲೇ ಇರುವುದು ನೆನಪಾಗಿ ತೆರೆದುಕೊಂಡ. ಮುಂದಿನ ಚಕ್ರ ದಾಟಿತು. ಹಿಂದಿನದು ದಾಟಿತು. ಕರ್ ಎನ್ನಲಿಲ್ಲ, ಕುರ್ ಎನ್ನಲಿಲ್ಲ.

ಮುಳ್ಳಪ್ಪ ಗಾಡಿ ನಿಲ್ಲಿಸಿ, ಇಳಿದು ಹಿಂದಕ್ಕೆ ನಡೆದು, ಕಲ್ಲಿನ ಬೆನ್ನು ತಟ್ಟಿದ. "ಹೆಂಗೆ?" ಎಂದು ಕೇಳಿದ. ತಿರುಗಿ ಬಂದು ಗಾಡಿ ಹತ್ತಿದ.

ಚಿಕ್ಕತ್ತೆಯ ಮನೆಯ ಸುತ್ತ ಆಳೆತ್ತರದ ಗೋಡೆ. ಅಂಗಳಕ್ಕೆ ಹೋಗುವ ದಾರಿ ಒಂದೇ, ಮಹಡಿ ಕೋಣೆಯ ಕೆಳಗಿನ ಹೆಬ್ಬಾಗಿಲು. ಮೇಲೆ ಅಡ್ಡಕ್ಕೆ ಕಲ್ಲಿನ ತೊಲೆ. ಜೀಪಿನ ತಗಡಿನ ಟಾಪಿಗೂ ತೊಲೆಗೂ ನಡುವೆ ಎರಡು ಬೆರಳು ಜಾಗ ಉಳಿದು, ಸೂಜಿಯ ಕಣ್ಣಿಗೆ ನೂಲು ಹೋದಂತೆ ಗಾಡಿ ಒಳಗೆ ಹೋಯಿತು. ಹದಿನೆಂಟು ಹೆಂಗಸರು ಜೇನಿನಂತೆ ಮುತ್ತಿದರು. ನಾಲ್ಕು ಹೊಡೆಯುವಷ್ಟರಲ್ಲಿ ಒಂಬತ್ತು ಮೆಷಿನ್ನುಗಳೂ ಹೊರಕೋಣೆಯಲ್ಲಿ ಸಾಲಾಗಿ ಕೂತು ಟರ್ರೆಂದು ಓಡತೊಡಗಿದವು. ಅತ್ತೆ ಬಾಗಿಲಲ್ಲಿ ನಿಂತು, "ಮಾತು ಉಳಿಸ್ಕೊಂಡೆ ಕಣೋ. ನೂರು ವರ್ಷ ಬಾಳು," ಎಂದು ಒಳಗೆ ಹೋದಳು.

ಮುಳ್ಳಪ್ಪನ ಕಣ್ಮುಂದೆ ಮುಂದಿನ ಕೋಣೆ, ಅದರ ಕಿಟಕಿ, ಕಿಟಕಿಯ ಕೆಳಗೆ ತನ್ನ ಮೇಜು. ಶಿಳ್ಳೆ ಹಾಕುತ್ತ ಗಾಡಿ ತಿರುಗಿಸಿಕೊಂಡು ಹೊರಟ.

ಢಣ್!

ಇಳಿದು ನೋಡಿದರೆ ಟಾಪಿನ ಅಂಚು ತೊಲೆಗೆ ಹಣೆ ಚಚ್ಚಿಕೊಂಡಿತ್ತು. ಹೊರೆ ಇಳಿದ ಗಟ್ಟಿ ಪಟ್ಟಿಗಳು ಮೈಮುರಿದು ಎದ್ದು ನಿಂತಿದ್ದವು. ಒಳಗೆ ಬಂದಾಗ ಇದ್ದದ್ದಕ್ಕಿಂತ ಜೀಪು ಪೂರಾ ಮೂರಿಂಚು ಬೆಳೆದಿತ್ತು.

ಚಕ್ರದ ಗಾಳಿ ಬಿಡೋಣವೆಂದರೆ ತಿರುಗಿ ತುಂಬಲು ಬೆಟ್ಟದಲ್ಲಿ ಪಂಪಿಲ್ಲ. ತೊಲೆ ತೆಗೆಯೋಣವೆಂದರೆ ಮೇಲಿನ ಕೋಣೆ ತಲೆಯ ಮೇಲೆ ಬಂದೀತು. ಮೆಷಿನ್ನು ವಾಪಸು ಹೇರೋಣವೆಂದು ಅವನು ಯೋಚಿಸಿದ್ದಷ್ಟೇ. ಕಿಟಕಿಯಿಂದ ಅತ್ತೆ ಕತ್ತರಿ ಆಡಿಸಿ ತೋರಿಸಿದಳು.

"ಚಿಕ್ಕತ್ತೆ, ಒಂದಿಷ್ಟು ಕಲ್ಲಾದ್ರೂ ಹೇರ್ಸಿ. ಬಾಗಿಲು ದಾಟಿದ ಮೇಲೆ ಇಳಿಸಿಬಿಡ್ತೀನಿ."

"ಕಲ್ಲು ಯಾಕೋ ಹುಡುಕ್ಕೊಂಡು ಹೋಗೋದು?" ಚಿಕ್ಕತ್ತೆ ಮೂಲೆಯತ್ತ ಬೆರಳು ಮಾಡಿದಳು. "ಅಂಗಳದಲ್ಲೇ ಕಬ್ಬಿಣ ಬಿದ್ದಿದೆಯಲ್ಲ."

ಅಲ್ಲಿ ಒಂದು ಹಳೇ ಕೈ ಅಚ್ಚಿನ ಯಂತ್ರ ಬಿಚ್ಚಿ ಗುಡ್ಡೆ ಹಾಕಿತ್ತು. ಪಕ್ಕದಲ್ಲಿ ಸೀಸದ ಅಕ್ಷರ ತುಂಬಿದ ಹನ್ನೆರಡು ಪೆಟ್ಟಿಗೆ. ಒಂದು ಪೆಟ್ಟಿಗೆಯ ಮೇಲೆ, ಗೂಡು ಕಳಕೊಂಡ ಗುಬ್ಬಿಯಂತೆ ಚಿಕ್ಕತ್ತೆಯ ಗಂಡ, ಅಂದರೆ ಮಾವ. ಮೂವತ್ತು ವರ್ಷ ಕರಪತ್ರ ಅಚ್ಚು ಹಾಕಿದ ಮನುಷ್ಯ. ಹೊಲಿಗೆ ಕ್ಲಾಸಿಗೆ ಜಾಗ ಬೇಕೆಂದು ಅವನ ಅಚ್ಚುಕೋಣೆಯನ್ನು ಬೆಳಿಗ್ಗೆಯಷ್ಟೇ ಖಾಲಿ ಮಾಡಿಸಿದ್ದರು.

ಚಿಕ್ಕತ್ತೆ ಒಂದು ಕೂಗು ಹಾಕಿದ್ದೇ ತಡ, ಹದಿನೆಂಟು ಹೆಂಗಸರು ಬಂದು ಯಂತ್ರ, ಪೆಟ್ಟಿಗೆ ಎಲ್ಲವನ್ನೂ ಹೇರಿಬಿಟ್ಟರು. ಜೀಪು ಬೆರಳು ಬೆರಳಾಗಿ ತಗ್ಗಿತು. ಮುಳ್ಳಪ್ಪ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ತೊಲೆಯ ಕೆಳಗೆ ಗಾಡಿ ನುಸುಳಿಸಿದ. ಹೊರಗೆ! ಹೆಂಗಸರು ಚಪ್ಪಾಳೆ ತಟ್ಟಿದರು. ಮುಳ್ಳಪ್ಪ ಯುದ್ಧ ಗೆದ್ದವನಂತೆ ಕೈಯೆತ್ತಿ, ಕೆಳಗೆ ಹಾರಿ, "ಬನ್ನಿ ಬನ್ನಿ, ಇನ್ನು ಇಳಿಸೋಣ," ಎಂದು ತಿರುಗಿದ.

ಬಾಗಿಲು ಮುಚ್ಚಿತ್ತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

"ಚಿಕ್ಕತ್ತೆ! ಅಚ್ಚಿನ ಮೆಷಿನ್ನು!"

"ಕ್ಲಾಸು ನಡೀತಿದೆ ಕಣೋ, ಕೂಗ್ಬೇಡ," ಎಂದಿತು ಬಾಗಿಲ ಸಂದಿ. "ನಿಮ್ಮ ಮುಂದಿನ ರೂಮು ಖಾಲಿಯಾಗಿದೆಯಂತೆ, ಬೆಳಕೂ ಚೆನ್ನಾಗಿದೆಯಂತೆ. ಅಕ್ಕ ಹೇಳಿದ್ಲು. ನಿಮ್ಮ ಮಾವನಿಗೆ ರಾತ್ರಿ ಬಿಸಿನೀರು ಕೊಡೋದು ಮರೀಬೇಡಿ."

ಮುಳ್ಳಪ್ಪ ನಿಧಾನವಾಗಿ ಜೀಪಿನತ್ತ ತಿರುಗಿದ. ಪಕ್ಕದ ಸೀಟಿನಲ್ಲಿ ಮಾವ ಕೂತಾಗಿತ್ತು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೈಚೀಲ, ಮುಖದ ಮೇಲೆ ಜೈಲಿನಿಂದ ಬಿಡುಗಡೆಯಾದವನ ನಗು. ಆ ನಗುವನ್ನು ನೋಡಿ ಇಳಿಯಿರಿ ಎನ್ನುವುದು ಯಾರಿಂದ ಸಾಧ್ಯ?

"ನಡಿ ಅಳಿಯ!"

ಜೀಪು ಇಳಿಯತೊಡಗಿತು. ಮುಂದೂ ತಗ್ಗಲಿಲ್ಲ, ಹಿಂದೂ ಕುಸಿಯಲಿಲ್ಲ. ಮೇಲಿನಿಂದ ಒಂಬತ್ತು ಮೆಷಿನ್ನುಗಳ ಸದ್ದು ಮೆರವಣಿಗೆಯ ವಾದ್ಯದಂತೆ ಬೆನ್ನಟ್ಟಿ ಬಂತು. ಹದಿನೆಂಟು ಜೊತೆ ಕಾಲು ಸರದಿಯಲ್ಲಿ ತುಳಿಯುತ್ತಿದ್ದವು. ಹೆಂಡತಿ ಮೂರು ವರ್ಷದಿಂದ ಹೇಳುತ್ತ ಬಂದ ಕೆಲಸ ಕೊನೆಗೂ ಮುಗಿದಿತ್ತು. ಆಮೆಕಲ್ಲನ್ನು ಜೀಪು ಬೆಣ್ಣೆಯ ಮೇಲೆ ಚಾಕು ಜಾರಿದಂತೆ ದಾಟಿದಾಗ ಮಾವ ತೊಡೆ ತಟ್ಟಿದ. "ಭಲೆ! ಇಂಥ ಗಾಡಿ, ಇಂಥ ಡ್ರೈವರು ಈ ಬೆಟ್ಟ ಕಂಡಿಲ್ಲ ಬಿಡು."

ಇಷ್ಟೆಲ್ಲ ಆದರೂ ಮುಳ್ಳಪ್ಪನ ಎದೆ ಉಬ್ಬಿತು. ಏನೇ ಹೇಳಿ, ಕಲ್ಲು ದಾಟಿದ್ದು ದಾಟಿದ್ದೇ. ಅವನು ತುಟಿಯಂಚಲ್ಲಿ ನಕ್ಕು ಗೇರು ಬದಲಿಸಿದ.

ಮಾವ ದಿಂಬನ್ನು ಸರಿಪಡಿಸಿಕೊಂಡು, ಇನ್ನಷ್ಟು ಹತ್ತಿರ ಸರಿದು ಕೇಳಿದ: "ಅಳಿಯ, ನಿನ್ನ ಹೆಂಡ್ತಿ ತಮ್ಮ ಡ್ರಮ್ ಬಾರಿಸ್ತಾನಂತಲ್ಲ? ಅವನನ್ನೂ ಕರೆಸು. ಅಚ್ಚಿನ ಹಿಡಿ ಎಳೆಯೋಕೆ ತಾಳ ಗೊತ್ತಿರೋನೇ ಬೇಕು!"