ಗೌರಮ್ಮನಾದ ಗಂಡು ಹೂವು

ಜೀವಶಾಸ್ತ್ರದಲ್ಲಿ ನಾನು ಗಟ್ಟಿ. ಸೇಡಂ ಕಡೆಯ ನಮ್ಮ ಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮಾಸ್ತರರು ಎರಡು ಕುಂಬಳದ ಹೂವು ಹಿಡಿದು, "ಇದು ಗಂಡು, ಇದು ಹೆಣ್ಣು. ಹೆಣ್ಣಿನ ಬುಡದಾಗ ಸಣ್ಣ ಕಾಯಿ ಇರ್ತದ" ಎಂದವರೇ ನಾಚಿ ಕೆಂಪಾದರು. "ಮುಂದಿಂದು ಮನ್ಯಾಗ ಓದ್ಕೋರಿ" ಎಂದು ಪುಸ್ತಕ ಮುಚ್ಚಿದರು. ಮನೆಯಲ್ಲಿ ಯಾರು ಓದುತ್ತಾರೆ? ಅಷ್ಟು ಜ್ಞಾನ ಈ ಜನ್ಮಕ್ಕೆ ಸಾಕೆಂದು ನಂಬಿದೆ.

ಈ ಸಲ ಸಿಕಂದರಾಬಾದಿನ ನಮ್ಮ ಮಾಳಿಗೆಯ ಮೇಲೆ, ಹಳೆಯ ಡ್ರಮ್ಮಿನಲ್ಲಿ ಕುಂಬಳದ ಬಳ್ಳಿ ಹಬ್ಬಿತ್ತು. ಅವ್ವ ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲಿಟ್ಟಿದ್ದ ಬೀಜ. ಅವ್ವ ಈಗಿಲ್ಲ. ಬಿತ್ತಿದ್ದರಲ್ಲಿ ಹುಟ್ಟಿದ್ದು ಇದೊಂದೇ, ಡಬ್ಬಿ ಖಾಲಿ. ಇದು ಕಾಯಿ ಬಿಡದಿದ್ದರೆ ಅವ್ವನ ಕುಂಬಳವೂ ಅವಳ ಕಡಬೂ ಅಲ್ಲಿಗೆ ಮುಗಿದಂತೆ. ಅವಳು ಕುಂಬಳಕ್ಕೆ ಬೆಲ್ಲ ಹಾಕಿ ಹೂರಣ ಕುದಿಸುವಾಗ ನಾವು ಮಕ್ಕಳು ಒಲೆಯ ಸುತ್ತ ಕೂತು ಬೈಸಿಕೊಳ್ಳುತ್ತಿದ್ದೆವು. ಆ ಬೈಗುಳಕ್ಕೂ ಈಗ ಆಸೆಯಾಗುತ್ತದೆ.

ಅಷ್ಟರಲ್ಲಿ ಬತುಕಮ್ಮ ಬಂತು. ಹೆಂಗಸರು ಹೂವುಗಳನ್ನು ಗೋಪುರದಂತೆ ಪೇರಿಸಿ ಸುತ್ತ ಹಾಡುವ ಹಬ್ಬ. ಕೆಳಗಿನ ಮನೆಯ ಸ್ವರೂಪಮ್ಮ ಮೇಲೆ ಬಂದು, "ಗುಮ್ಮಡಿ ಪೂಲು ಕಾವಾಲೆ ಅನ್ನಾ" ಎಂದಳು. ಕುಂಬಳದ ಹೂವು ಬೇಕಂತೆ. ಧಾರಾಳಿ ನಾನು! ದಿನಾ ಬೆಳಿಗ್ಗೆ ಗಂಡು ಹೂವುಗಳನ್ನೆಲ್ಲ ಹರಿದು ಕೊಟ್ಟೆ.

"ಎಲ್ಲಾ ಯಾಕ ಹರೀತೀರಿ?" ಎಂದಳು ಹೆಂಡತಿ ಶಾರದಾ.

"ಗಂಡು ಹೂವು ಕಾಯಿ ಬಿಡೂದಿಲ್ಲ. ಬರೇ ಶೋಕಿ! ಬಯಾಲಜಿ ನನಗ ಕಲಿಸಬ್ಯಾಡ."

ಹೆಣ್ಣು ಹೂವಿನ ಬುಡದ ಪುಟ್ಟ ಕಾಯಿಗಳು ಹಳದಿಯಾಗಿ ಉದುರತೊಡಗಿದವು. ಗೊಬ್ಬರ ಹಾಕಿದೆ. ಉದುರಿದವು. ದೃಷ್ಟಿ ತಾಗಿದೆಯೆಂದು ಹಳೆ ಚಪ್ಪಲಿ ಕಟ್ಟಿದೆ. ಇನ್ನೂ ಜೋರಾಗಿ ಉದುರಿದವು!

ಹಬ್ಬದ ಕೊನೆಯ ದಿನ ಮುಂಜಾನೆ, ಉಳಿದ ಒಂದೇ ಹೆಣ್ಣು ಹೂವು ಅರಳಿತು. ಶಾರದಾ ಮಗಳ ಶಾಲೆಯ ಪುಸ್ತಕ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಮಾಸ್ತರರು ನಾಚಿ ಬಿಟ್ಟ ಪುಟ! ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಾಗಿದರೆ ಮಾತ್ರ ಕಾಯಿ. ಗಂಡು ಹೂವುಗಳನ್ನೆಲ್ಲ ನಸುಕಿನಲ್ಲೇ ಕೆಳಗೆ ಕೊಟ್ಟು ಬಂದಿದ್ದೆ.

ಲುಂಗಿ ಎತ್ತಿಕೊಂಡು ಓಡಿದೆ. ಹೆಂಗಸರು ಎಸಳು ಬಿಡಿಸಿ ಪೇರಿಸಿಯಾಗಿತ್ತು. ಪರಾಗ ತುಂಬಿದ ನಡುದಂಟು ಒಂದೇ ಒಂದು ಉಳಿದಿತ್ತು. ಅದೂ ಗೋಪುರದ ತುದಿಯಲ್ಲಿ, ಪೂಜೆಯ ದೇವಿ ಗೌರಮ್ಮನಾಗಿ, ಕುಂಕುಮಕ್ಕೆ ಕಾಯುತ್ತ!

"ಅದು ವಾಪಸ್ ಇವ್ವಂಡಿ" ಎಂದೆ, ಕೊಡಿರೆಂದು ನನ್ನ ಹರಕು ತೆಲುಗಿನಲ್ಲಿ ಬೇಡುತ್ತ.

"ಗೌರಮ್ಮನಾ?" ಹೆಂಗಸರೆಲ್ಲ ನನ್ನನ್ನೇ ನೋಡಿದರು. ದೇವಿಯನ್ನೇ ಸಾಲ ಕೇಳಿದ ಮೊದಲ ಗಂಡಸು ನಾನೇ ಇರಬೇಕು. ಅವ್ವನ ಬೀಜದ ಕಥೆಯನ್ನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿದೆ. ಸ್ವರೂಪಮ್ಮ ನಗಲಿಲ್ಲ. ಅರಿಶಿನ ಕಲಸಿ ಬೇರೆ ಗೌರಮ್ಮನನ್ನು ಮಾಡಿಟ್ಟು, ಆ ದಂಟನ್ನು ನನ್ನ ಬೊಗಸೆಗೆ ಹಾಕಿದಳು.

"ತೀಸ್ಕೋ ಅನ್ನಾ. ಮೀ ಅಮ್ಮ ಕೂಡಾ ಗೌರಮ್ಮೇ." ನಿಮ್ಮವ್ವನೂ ಗೌರಮ್ಮನೇ, ತಗೋ ಎಂದಳು.

ಮೇಲೆ ಓಡಿ ಆ ದಂಟನ್ನು ಹೆಣ್ಣು ಹೂವಿನೊಳಗೆ ಸವರಿದೆ. ಒಂದು ಕಾಯಿ ನಿಂತಿತು, ಬಲಿಯಿತು. ಕಡಬಿನ ಮೊದಲ ತುತ್ತಿಗೇ ನನ್ನ ಕಣ್ಣು ತುಂಬಿ ಬಂತು. ಶಾರದಾ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಅವ್ವನ ಡಬ್ಬಿಗೆ ತುಂಬಿದಳು. ಅದನ್ನು ನೋಡಿ ನನಗೆ ಮತ್ತೆ ಧೈರ್ಯ ಬಂತು.

"ನೋಡಿದೇನು? ಗಂಡು ಹೂವು ಬರೇ ಶೋಕಿಗಲ್ಲ. ಅದರಿಂದನೂ ಉಪಯೋಗ ಐತಿ."

"ಹೂವಿಂದು ಖಾತ್ರಿ ಆತ್ರಿ," ಎಂದು ಶಾರದಾ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. "ನಿಮ್ದು ಇನ್ನ ನೋಡಬೇಕು."