ಕೆಂಪು ಕಲ್ಲಿನ ಬೆಂಡೋಲೆಯ ಏಲಂ

ಹರಿಣಾಕ್ಷಿಯ ಗಂಡ ಜಯಪ್ರಕಾಶನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿಯೂ ಇಲ್ಲ. ಹೆಣ್ಣು ಕೊಡುವ ಮೊದಲು ಅವಳ ಅಪ್ಪ ಇದನ್ನೆಲ್ಲ ನಾಲ್ಕು ಕಡೆ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದರು. ಹುಡುಗನಿಗೆ ಏಲಂ ಕೂಗುವ ಚಟ ಇದೆಯೋ ಎಂದು ಕೇಳಬೇಕೆಂದು ಪಾಪ, ಅವರಿಗಾದರೂ ಹೇಗೆ ಹೊಳೆಯಬೇಕು?

ಈ ಕಡೆ ಭಜನಾ ಮಂದಿರಗಳಲ್ಲಿ ಪೂಜೆ ಮುಗಿದ ಮೇಲೆ ದೇವರಿಗೆ ಬಂದ ಸೀರೆ, ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಎಲ್ಲವನ್ನೂ ಅಲ್ಲಿಯೇ ಏಲಂ ಹಾಕುತ್ತಾರೆ. ಹೆಚ್ಚು ಕೂಗಿದವರಿಗೆ ವಸ್ತು, ದುಡ್ಡು ದೇವರಿಗೆ. ಬುದ್ಧಿ ಸರಿಯಿರುವವರು ಒಂದೆರಡು ಸಲ ಕೂಗಿ, ದೇವರಿಗೂ ತಮಗೂ ಸಮಾಧಾನವಾಗುವಷ್ಟಕ್ಕೆ ನಿಲ್ಲಿಸುತ್ತಾರೆ. ಜಯಪ್ರಕಾಶನಿಗೆ ಬಾಯಿ ತೆರೆಯಲು ಬರುತ್ತಿತ್ತು, ಮುಚ್ಚಲು ಬರುತ್ತಿರಲಿಲ್ಲ. ಕಾಣಿಯೂರು ಪೇಟೆಯಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟುಕೊಂಡು, ಒಂದು ವಾಷರಿಗೆ ಎರಡು ರೂಪಾಯಿ ಹೆಚ್ಚು ಹೇಳಿದರೆ ಪುತ್ತೂರಿನ ಹೋಲ್‌ಸೇಲ್ ಅಂಗಡಿಯವನೊಡನೆ ಅರ್ಧ ಗಂಟೆ ಜಗಳಾಡುವ ಮನುಷ್ಯ, ಮೈಕಿನಲ್ಲಿ "ಒಂಜಿ ಸರ್ತಿ... ರಡ್ಡ್ ಸರ್ತಿ..." ಎಂದು ತುಳುವಿನಲ್ಲಿ ಒಂದು ಸಲ, ಎರಡು ಸಲ ಎಣಿಸುವುದು ಕೇಳಿಬಂದ ಕೂಡಲೇ ಕರ್ಣನಾಗಿಬಿಡುತ್ತಿದ್ದ. (ಕರ್ಣ ಕೊಟ್ಟದ್ದು ಸ್ವಂತದ್ದನ್ನು. ಇವನು ಮನೆಖರ್ಚಿನದ್ದನ್ನು.)

ಹಾಗೆ ಬಂದು ಸೇರಿದ ಹನ್ನೊಂದು ಸೀರೆಗಳು ಹರಿಣಾಕ್ಷಿಯ ಕಪಾಟಿನಲ್ಲಿದ್ದವು, ಹನ್ನೊಂದೂ ಹಸಿರು. ಹಿತ್ತಿಲಿನ ಕಾಯಿಯೇ ಬಿದ್ದು ಮೊಳಕೆ ಬರುತ್ತಿರುವಾಗ ಒಂದು ತೆಂಗಿನಕಾಯಿಗೆ ಏಳುನೂರು ಕೊಟ್ಟದ್ದೂ ಉಂಟು. ಕಳೆದ ನವರಾತ್ರಿಯ ಕೊನೆಯ ದಿನವಂತೂ ದಿನಸಿ ಅಂಗಡಿಯ ಬೋಜಪ್ಪನ ಮೇಲೆ ಹಟಕ್ಕೆ ಬಿದ್ದು ಒಂದು ಚೀನಿಕಾಯಿಯನ್ನು, ಅಂದರೆ ಸಿಹಿಗುಂಬಳವನ್ನು, ಸಾವಿರದ ಆರುನೂರಕ್ಕೆ ಗೆದ್ದು, ಹೆಗಲ ಮೇಲೆ ಹೊತ್ತು ತಂದಿದ್ದ. ಆ ಚೀನಿಕಾಯಿಯನ್ನು ಪಲ್ಯ, ಸಾಂಬಾರು, ಪಾಯಸ, ದೋಸೆಯೆಂದು ಹನ್ನೆರಡು ದಿನ ತಿಂದರು. ಹದಿಮೂರನೆಯ ದಿನ ಉಳಿದದ್ದನ್ನು ಹಸುವಿಗೆ ಹಾಕಿದರೆ ಅದೂ ಮುಖ ತಿರುಗಿಸಿತು.

ಹರಿಣಾಕ್ಷಿ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವಳು. ನೀರು ಬೆರೆಸಿದ್ದನ್ನು ಹಿಡಿಯುವ ಮಾಪಕದ ಡಿಗ್ರಿ ಒಂದು ಕೂದಲೆಳೆ ಇಳಿದರೂ ಸ್ವಂತ ಅತ್ತಿಗೆಯ ಹಾಲನ್ನೇ ವಾಪಸು ಕಳಿಸಿದ ದಾಖಲೆ ಅವಳದು. ಅಂಥವಳು ಆ ಚೀನಿಕಾಯಿಯ ದಿನವೇ ದೇವಿಯ ಮುಂದೆ ಕಣ್ಣು ಮುಚ್ಚಿ ಹರಕೆ ಹೊತ್ತಳು: "ಅಮ್ಮಾ, ಇವರು ಒಂದು ವರ್ಷ ಯಾವ ಏಲಂನಲ್ಲಿಯೂ ಬಾಯಿ ತೆರೆಯದ ಹಾಗೆ ಮಾಡು. ನನ್ನ ಬೆಂಡೋಲೆ ನಿನಗೆ ಒಪ್ಪಿಸ್ತೇನೆ."

ಬೆಂಡೋಲೆ ಎಂದರೆ ಸಾಮಾನ್ಯದ್ದಲ್ಲ. ಸುತ್ತ ಏಳು ಕೆಂಪು ಕಲ್ಲು, ನಡುವೆ ಒಂದು ಬಿಳಿ, ಆಲೆಟ್ಟಿಯ ತವರಿನಲ್ಲಿ ಅಮ್ಮ ತನ್ನ ಕಿವಿಯಿಂದಲೇ ಬಿಚ್ಚಿ ಕೊಟ್ಟದ್ದು. ಅದನ್ನು ಕೊಡಲು ಒಪ್ಪಿದಳೆಂದರೆ ಚೀನಿಕಾಯಿ ಅವಳಿಗೆ ಎಷ್ಟು ಉಪದ್ರ ಕೊಟ್ಟಿತ್ತೆಂದು ನೀವೇ ಲೆಕ್ಕ ಹಾಕಿ. ಹರಕೆಯನ್ನು ತೀರಿಸುವವರೆಗೆ ಯಾರಿಗೂ ಹೇಳಬಾರದೆಂದು ಅವಳ ಅಮ್ಮ ಹೇಳುತ್ತಿದ್ದರು. ಅವಳೂ ಹೇಳಲಿಲ್ಲ.

ಆಶ್ಚರ್ಯವೆಂದರೆ ದೇವಿ ಕೆಲಸ ಮಾಡಿದಳು. ಚೌತಿಯ ಗಣಪತಿಯ ಹತ್ತಿರ ಏಲಂ ಆಯಿತು, ಜಯಪ್ರಕಾಶ ಎರಡೂ ಕೈ ಜೇಬಿಗೆ ಹಾಕಿಕೊಂಡು ತಲೆಯ ಮೇಲಿನ ಮಾಡನ್ನು ನೋಡುತ್ತ ನಿಂತ. ಆಲೆಟ್ಟಿಯಲ್ಲಿ ಮಂದಿರದ ವಾರ್ಷಿಕೋತ್ಸವವಾಯಿತು, ಬೈಹುಲ್ಲಿನಲ್ಲಿ ಕಟ್ಟಿದ ಒಳ್ಳೆಯ ಗಂಧಸಾಲೆ ಅಕ್ಕಿಯ ಮುಡಿ ಅಗ್ಗಕ್ಕೆ ಹೋಗುತ್ತಿದ್ದರೂ ತುಟಿ ಪಿಟ್ಟೆನ್ನಲಿಲ್ಲ. ಹರಿಣಾಕ್ಷಿ ಮನಸ್ಸಿನಲ್ಲಿಯೇ ಕೈ ಮುಗಿದಳು. ವರ್ಷ ತುಂಬಿತೆಂದೇ ಲೆಕ್ಕ ಹಾಕಿ, ಈ ಸಲದ ನವರಾತ್ರಿ ಶುರುವಾಗುವ ಹಿಂದಿನ ದಿನ ಬೆಂಡೋಲೆಯನ್ನು ಕಾಗದದಲ್ಲಿ ಸುತ್ತಿ, ಯಾರೂ ನೋಡದ ಹಾಗೆ ಮಂದಿರದ ಕಾಣಿಕೆ ಡಬ್ಬಿಗೆ ಹಾಕಿ ಬಂದಳು. ಗಂಡ ಕೇಳಿದ್ದಕ್ಕೆ, "ತಿರುಪು ಸಡಿಲ ಆಗಿದೆ, ಚಿನ್ನದ ಆಚಾರಿಯ ಹತ್ತಿರ ಕೊಟ್ಟಿದ್ದೇನೆ" ಎಂದಳು.

ಡಬ್ಬಿ ತೆಗೆದ ಸಮಿತಿಯವರು ಆ ಬೆಂಡೋಲೆಯನ್ನು ನವರಾತ್ರಿಗೆಂದು ಕೂರಿಸಿದ ಮಣ್ಣಿನ ಶಾರದೆಯ ಕಿವಿಗೇ ತೊಡಿಸಿದರು. ದಿನಾ ಸಂಜೆ ಭಜನೆಯಲ್ಲಿ ಅದು ದೀಪದ ಬೆಳಕಿಗೆ ಹೊಳೆಯುವುದನ್ನು ನೋಡಿ ಹರಿಣಾಕ್ಷಿಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಖಾಲಿ ಕಿವಿ ಸ್ವಲ್ಪ ನೋಯುತ್ತಲೂ ಇತ್ತು. ಆದರೆ ಹಾಲಿನ ಡಿಗ್ರಿಯಲ್ಲಿ ಕೂದಲೆಳೆ ಹಿಡಿಯುವವಳಿಗೆ ಒಂದು ಸಂಗತಿ ಹೊಳೆದೇ ಇರಲಿಲ್ಲ. ಮಣ್ಣಿನ ಶಾರದೆ ಕೊನೆಯ ದಿನ ಹೊಳೆಗೆ ಹೋಗುತ್ತಾಳೆ. ಅದಕ್ಕಿಂತ ಮೊದಲು ಒಡವೆ ಬಿಚ್ಚುತ್ತಾರೆ. ಮಂದಿರದಲ್ಲಿ ಚಿನ್ನ ಇಡಲು ಬೀಗದ ಕಪಾಟಿಲ್ಲ. ಆದ್ದರಿಂದ ಒಡವೆಯೂ ಏಲಂ.

ಇದು ಅವಳಿಗೆ ಗೊತ್ತಾದದ್ದು ಕೊನೆಯ ದಿನ ಮಧ್ಯಾಹ್ನ ಊಟವಾದ ಮೇಲೆ, ಹೆಂಗಸರ ಸಾಲಿನಲ್ಲಿ, ಸೊಸೈಟಿಗೆ ಹಾಲು ತರುವ ಲೋಲಾಕ್ಷಿಯ ಪಕ್ಕದಲ್ಲಿ ಕೂತಿದ್ದಾಗ. ಮೈಕ್ ಹಿಡಿದದ್ದು ನಿವೃತ್ತ ಅಚ್ಚುತ ಮಾಸ್ಟ್ರು.

"ಈಗ ವಿಶೇಷ ವಸ್ತು! ಹೆಸರು ಹೇಳದ ಭಕ್ತರೊಬ್ಬರು ಅಮ್ಮನಿಗೆ ಒಪ್ಪಿಸಿದ ರತ್ನಖಚಿತ ಕರ್ಣಾಭರಣ! ಪುತ್ತೂರಿನ ಆಚಾರಿಯವರು ನೋಡಿ ಕಲ್ಲು ಒರಿಜಿನಲ್ ಅಂತ ಚೀಟಿ ಕೊಟ್ಟಿದ್ದಾರೆ. ಮಾಡಿಗೆ ಹೊಸ ಶೀಟು ಹಾಕ್ಲಿಕ್ಕೆ ಉಂಟು, ಧಾರಾಳ ಕೂಗಿ. ಶುರು ಇಪ್ಪತ್ತು ಸಾವಿರದಿಂದ!"

"ಇಪ್ಪತ್ತೊಂದು" ಎಂದ ಬೋಜಪ್ಪ.

"ಇಪ್ಪತ್ತೆರಡು!"

ಆ ಎರಡನೆಯ ಸ್ವರ ಕೇಳಿ ಹರಿಣಾಕ್ಷಿ ಗಂಡಸರ ಸಾಲಿನ ಕಡೆ ತಿರುಗಿದಳು. ಒಂದು ವರ್ಷ ಜೇಬಿನಲ್ಲಿದ್ದ ಕೈ ಹೊರಗೆ ಬಂದು ಮೇಲಕ್ಕೆದ್ದಿತ್ತು. ಹರಕೆಗೆ ಕೊಟ್ಟ ವಸ್ತುವಿನ ಮೇಲೆಯೇ ಗಂಡ ಹರಕೆ ಮುರಿಯುತ್ತಿದ್ದ! ಮುರಿಯುತ್ತಿದ್ದನೋ ಇಲ್ಲವೋ, ಅದೂ ಸ್ಪಷ್ಟವಿರಲಿಲ್ಲ. ಅವಳು ಕೇಳಿಕೊಂಡದ್ದು ಮಿಕ್ಸಿಯ ಗ್ಯಾರಂಟಿಯ ಹಾಗೆ ಒಂದೇ ವರ್ಷಕ್ಕೆ. ಪಂಚಾಂಗದ ಪ್ರಕಾರ ವರ್ಷ ಮುಗಿದಿತ್ತು, ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ ಇನ್ನೂ ಹತ್ತು ದಿನ ಬಾಕಿ ಇತ್ತು. ದೇವಿ ಯಾವುದನ್ನು ನೋಡುತ್ತಾಳೆಂದು ಯಾರನ್ನು ಕೇಳುವುದು? ಅವಳಿಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ. ಇವತ್ತು ಈ ಮನುಷ್ಯ ಒಂದು ಸಲ ಗೆದ್ದರೆ ರುಚಿ ಮತ್ತೆ ಹತ್ತುತ್ತದೆ, ಬೆಂಡೋಲೆ ಕೊಟ್ಟದ್ದು ದಂಡ, ಮುಂದಿನ ವಾರವೇ ಮನೆಗೆ ಚೀನಿಕಾಯಿ.

ಜಯಪ್ರಕಾಶ ಇಪ್ಪತ್ತೆಂಟು ಎಂದಾಗ ಬೋಜಪ್ಪ ಕೈ ಕೊಡವಿ ಕೂತ. "ಒಂಜಿ ಸರ್ತಿ..." ಎಂದರು ಮಾಸ್ಟ್ರು.

ಹರಿಣಾಕ್ಷಿ ಲೋಲಾಕ್ಷಿಯ ತೊಡೆ ಚಿವುಟಿದಳು. "ಕೂಗು ಮಾರಾಯ್ತಿ!"

"ನಾನಾ? ನನ್ನ ಹತ್ತಿರ ಆಟೋಕ್ಕೆ ನಲವತ್ತು ರೂಪಾಯಿ ಉಂಟು, ಅಷ್ಟೇ ಅಕ್ಕ!"

"ದುಡ್ಡು ನಾನು ಕೊಡ್ತೇನೆ. ನನ್ನ ಹೆಸರು ಹೇಳ್ಬೇಡ. ಕೂಗು!"

"ರಡ್ಡ್ ಸರ್ತಿ..."

"ಮೂವತ್ತು!" ಎಂದು ಲೋಲಾಕ್ಷಿ ಕಿರುಚಿ, ತಾನೇ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಯಪ್ರಕಾಶ ಮೂವತ್ತೊಂದು ಎಂದ. ಚಿವುಟಿದಾಗಲೆಲ್ಲ ಲೋಲಾಕ್ಷಿ ಒಂದು ಸಾವಿರ ಏರಿಸುತ್ತ ಹೋದಳು. ಮೂವತ್ತಾರಕ್ಕೆ ಬರುವಾಗ ಅವಳ ಕಣ್ಣಲ್ಲಿ ನೀರಿತ್ತು.

"ಅಕ್ಕ, ನಮ್ಮವರು ಆ ಕಂಬದ ಹತ್ತಿರದಿಂದ ನನ್ನನ್ನೇ ನೋಡ್ತಿದ್ದಾರೆ. ನನ್ನ ಸಂಸಾರ ಹಾಳು ಮಾಡ್ಬೇಡಿ. ತೊಡೆ ಸಹ ಉರೀತದೆ."

"ಮೂವತ್ತೇಳು!" ಎಂದ ಜಯಪ್ರಕಾಶ. ಎದುರು ಕೂಗುವವರು ಸಿಕ್ಕಿದ ಖುಷಿಗೆ ಅವನ ಮುಖ ಮದುಮಗನ ಹಾಗಾಗಿತ್ತು.

ಬೇರೆ ದಾರಿಯಿಲ್ಲದೆ ಹರಿಣಾಕ್ಷಿ ಎದ್ದು ನಿಂತಳು. "ಮೂವತ್ತೆಂಟು!"

ಜಯಪ್ರಕಾಶ ತಿರುಗಿ ನೋಡಿದ, ಬಾಯಿ ಬಿಟ್ಟ, ಅಭ್ಯಾಸಬಲದಿಂದ ಅದರೊಳಗಿಂದ "ಮೂವತ್ತೊಂಬತ್ತು" ಎಂಬುದು ಹೊರಗೆ ಬಂತು.

"ನೀವು ಕೂತ್ಕೊಳ್ಳಿ!" ಎಂದಳು ಅವಳು, ಇಡೀ ಸಭೆಗೆ ಕೇಳುವ ಹಾಗೆ.

"ನೀನು ಕೂತ್ಕೋ ಮಾರಾಯ್ತಿ! ನಿನಗೇ ತೆಗೀತಿರುದು!"

"ನನಗೆ ಬೇಡ!"

"ಬೇಡದಿದ್ರೆ ಎಂತಕ್ಕೆ ಕೂಗುದು?"

ಈ ಪ್ರಶ್ನೆಗೆ ಉತ್ತರವಿತ್ತು, ಆದರೆ ಅದನ್ನು ಹೇಳುವ ಹಾಗಿರಲಿಲ್ಲ. "ನಲವತ್ತು!" ಎಂದಳು.

"ಗಂಡ ಹೆಂಡತಿ ಚರ್ಚೆ ಎಲ್ಲ ಮನೆಯಲ್ಲಿ ಮಾಡುದು" ಎಂದರು ಅಚ್ಚುತ ಮಾಸ್ಟ್ರು ಮೈಕಿನಲ್ಲಿ. "ಇಲ್ಲಿ ಸಂಖ್ಯೆ ಮಾತ್ರ ಹೇಳಿ. ನಲವತ್ತು ಸಾವಿರ, ಹಾಲಿನ ಸೊಸೈಟಿಯ ಹರಿಣಾಕ್ಷಿಯವರು!"

ಒಂದೇ ಮನೆಯವರು, ಯಾರು ಗೆದ್ದರೂ ಒಂದೇ ಕಪಾಟಿಗೆ ಹೋಗುವುದು ಎಂದು ತಿಳಿಹೇಳುವ ಸಜ್ಜನರು ಅಲ್ಲಿ ನೂರು ಜನ ಇದ್ದರು. ಮಾಡಿನ ಶೀಟಿನ ನೆನಪಾಗಿ ಎಲ್ಲರೂ ಸುಮ್ಮನಿದ್ದರು. ಗಂಡಸರು ಜಯಪ್ರಕಾಶನ ಕಡೆ, ಹೆಂಗಸರು ಹರಿಣಾಕ್ಷಿಯ ಕಡೆ ಆದರು. "ಬಿಡ್ಬೇಡಿ ಅಕ್ಕ!" ಎಂದು ಹಿಂದಿನಿಂದ ಯಾರೋ ಕೂಗಿದರು. (ಅದು ಲೋಲಾಕ್ಷಿಯೇ. ಸ್ವಂತ ತೊಡೆ ಪಾರಾದ ಮೇಲೆ ಅವಳಿಗೆ ಧೈರ್ಯ ಬಂದಿತ್ತು.)

ನಲವತ್ತೈದರ ಹತ್ತಿರ ಹರಿಣಾಕ್ಷಿಗೆ ಒಂದು ನಮೂನೆ ಆಗತೊಡಗಿತು. ಕಿವಿ ಬಿಸಿಯಾಯಿತು, ಕಾಲು ಹಗುರಾಯಿತು. ಅವಳು ಒಂದು ಸಂಖ್ಯೆ ಹೇಳಿದರೆ ಅದು ಮೈಕಿನಲ್ಲಿ ದೊಡ್ಡದಾಗಿ ಕೇಳಿಬರುತ್ತಿತ್ತು, ನೂರು ತಲೆ ಒಟ್ಟಿಗೆ ತಿರುಗುತ್ತಿತ್ತು. ಹದಿನೆಂಟು ವರ್ಷ ಹಾಲು ಅಳೆದರೂ ಇಷ್ಟು ಜನ ಅವಳ ಬಾಯಿಯನ್ನೇ ನೋಡಿದ್ದಿಲ್ಲ. ಹರಕೆ, ಪಂಚಾಂಗ, ಕ್ಯಾಲೆಂಡರ್ ಯಾವುದೂ ನೆನಪಿರಲಿಲ್ಲ. ಇನ್ನೊಂದು ಹಸು ತೆಗೆಯಲೆಂದು ಬ್ಯಾಂಕಿನಲ್ಲಿ ಕೂಡಿಟ್ಟ ದುಡ್ಡು ಸಹ ನೆನಪಾದದ್ದು, ಇನ್ನೂ ಎಷ್ಟರವರೆಗೆ ಕೂಗಬಹುದು ಎಂಬ ಲೆಕ್ಕಕ್ಕೆ ಮಾತ್ರ.

"ಐವತ್ತೊಂದು!" ಎಂದಳು.

ಜಯಪ್ರಕಾಶ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಬಾಯಿ ಮುಚ್ಚಿದ.

"ಮೂಜಿ ಸರ್ತಿ!" ಚಪ್ಪಾಳೆಗೆ ಮಾಡಿನ ಹಳೆಯ ಶೀಟು ನಡುಗಿತು.

ಕೌಂಟರಿನಲ್ಲಿ ಫೋನ್ ಪೇ ಮಾಡಿ, ಅದೇ ಕಾಗದದಲ್ಲಿ ಸುತ್ತಿದ್ದ ತನ್ನದೇ ಬೆಂಡೋಲೆ ಹಿಡಿದುಕೊಂಡು ಹರಿಣಾಕ್ಷಿ ಮೂಲೆಯ ಬೆಂಚಿಗೆ ಬಂದು ಕೂತಳು. ಜಯಪ್ರಕಾಶ ಬಂದು ಪಕ್ಕದಲ್ಲಿ ಕೂತ.

"ಇಪ್ಪತ್ತೆಂಟಕ್ಕೆ ಸಿಗ್ತಿತ್ತು" ಎಂದ ಮೆಲ್ಲಗೆ.

"ನಿಮಗೆ ಎಂತಕ್ಕೆ ಬೇಕಿತ್ತು ಇದು?"

"ಹತ್ತು ದಿನದಿಂದ ನಿನ್ನ ಖಾಲಿ ಕಿವಿ ನೋಡಿ ನೋಡಿ ಬೇಜಾರಾಗಿತ್ತು. ಆಚಾರಿ ಕೊಡುವಾಗ ಕೊಡ್ಲಿ, ಅದೇ ನಮೂನೆದ್ದು ಇನ್ನೊಂದು ಜೊತೆ ಇರ್ಲಿ ಅಂತ. ನೋಡು, ಥೇಟ್ ನಿನ್ನದ್ರ ಹಾಗೇ ಉಂಟು."

"ನನ್ನದೇ ಇದು!" ಎಂದು ಹರಿಣಾಕ್ಷಿ ಹರಕೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ನಗುತ್ತಾನೆ ಅಥವಾ ರೇಗುತ್ತಾನೆ ಎಂದುಕೊಂಡಿದ್ದಳು. ಅವನು ಎರಡೂ ಮಾಡಲಿಲ್ಲ.

"ಅದಕ್ಕೆ ಹರಕೆ ಎಂತಕ್ಕೆ ಬೇಕಿತ್ತು?" ಎಂದ. "ಆ ಚೀನಿಕಾಯಿ ಕೊಯ್ಯುವಾಗ ನೀನು ಅಡಿಗೆಕೋಣೆಯಲ್ಲಿ ಒಬ್ಬಳೇ ಅಳ್ತಿದ್ದದ್ದು ನಾನು ನೋಡಿದ್ದೆ. ಇನ್ನು ಕೂಗುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿಕೊಂಡದ್ದು."

"ಹೇಳ್ಬಾರ್ದಿತ್ತಾ?"

"ನೀನು ಹೇಳಿದ್ದಿಯಾ?"

ಹರಿಣಾಕ್ಷಿ ಕಾಗದದ ಪೊಟ್ಟಣವನ್ನು ಅವನ ಕೈಗಿಟ್ಟಳು. ಊರಿನವರೆಲ್ಲರ ಹಾಲನ್ನು ತೂಗಿ ನೋಡಿದವಳು ಮನೆಯ ಮನುಷ್ಯನನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ ಎನಿಸಿತು. ಗಂಡನ ಮೇಲೆ ಎಂದಿಲ್ಲದ ಪ್ರೀತಿ ಬಂತು. ಅವನು ಬೆಂಡೋಲೆಯನ್ನು ಕಾಗದದಿಂದ ತೆಗೆದು, ಜನ ಇದ್ದಾರೆಂದು ನೋಡದೆ, ತಾನೇ ಅವಳ ಕಿವಿಗೆ ಹಾಕಿದ. ತಿರುಪು ಸ್ವಲ್ಪವೂ ಸಡಿಲವಿರಲಿಲ್ಲ. ಅವಳು ಅವನ ಕೈ ಹಿಡಿದುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮುಂದಿನ ವಸ್ತು" ಎಂದರು ಅಚ್ಚುತ ಮಾಸ್ಟ್ರು, "ಕದಳಿ ಬಾಳೆಗೊನೆ!"

"ಮುನ್ನೂರು" ಎಂದ ಬೋಜಪ್ಪ.

"ಒಂಜಿ ಸರ್ತಿ..."

ಹರಿಣಾಕ್ಷಿ ಗಂಡನ ಕೈ ಬಿಟ್ಟಳು. ಕಣ್ಣು ಒರೆಸುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಐನೂರು!"

"ಹರಿಣಾ," ಎಂದ ಜಯಪ್ರಕಾಶ ಗಾಬರಿಯಿಂದ, "ಹಿತ್ತಿಲಲ್ಲಿ ಮೂರು ಗೊನೆ ಉಂಟು."

"ನೀವು ಸ್ವಲ್ಪ ಸುಮ್ಮನಿರಿ. ಆ ಬೋಜಪ್ಪನಿಗೆ ಬಿಡ್ಲಿಕ್ಕೆ ಆಗ್ತದಾ?" ಎಂದು ಅವಳು ಚೆನ್ನಾಗಿ ಕಾಣುವ ಹಾಗೆ ಬೆಂಚಿನ ಮೇಲೆಯೇ ಹತ್ತಿ ನಿಂತಳು. "ಆರುನೂರೈವತ್ತು!"

ಗೊನೆಯ ಹಿಂದೆ ಸಾಲಾಗಿ ಜೋಡಿಸಿಟ್ಟಿದ್ದ ಆರು ಸೀರೆ, ಒಂಬತ್ತು ತೆಂಗಿನಕಾಯಿ, ಎರಡು ಬೂದುಗುಂಬಳಗಳನ್ನು ಜಯಪ್ರಕಾಶ ಒಂದು ಸಲ ನೋಡಿದ. ಆಮೇಲೆ ಹೊರಗೆ ಹೋಗಿ, ತನ್ನ ಓಮ್ನಿ ವ್ಯಾನಿನ ಹಿಂದಿನ ಸೀಟಿನಲ್ಲಿದ್ದ ಪಂಪಿನ ಸಾಮಾನುಗಳನ್ನೆಲ್ಲ ಮುಂದಕ್ಕೆ ಸರಿಸಿ ಜಾಗ ಮಾಡತೊಡಗಿದ.