ಅತ್ತೆಯ ಪಿಚ್ಚರು, ಷಡ್ಡಕರ ಸಮರ

ಹೇ ವಿದ್ಯುದ್ದೇವತೇ! ಕಂಬದಿಂದ ಕಂಬಕ್ಕೆ ಜಿಗಿಯುವ, ಕರೆದಾಗ ಬಾರದ, ಬಂದಾಗ ನಿಲ್ಲದ ಚಂಚಲೇ! ಈ ಕಥೆ ಮುಗಿಯುವ ತನಕವಾದರೂ ಹೋಗದಿರು. ಗಂಡಸಿನ ಪೌರುಷವನ್ನು ಟಿವಿಯ ಇಂಚುಗಳಲ್ಲಿ ಅಳೆಯುತ್ತಿದ್ದ ಈ ಮಹಾಯುಗದಲ್ಲಿ, ತುಮಕೂರೆಂಬ ಪಟ್ಟಣದ ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ, ಸಕಲರಿಮೋಟ್‌ಧಾರಿಯೂ ಸೋಫಾಸಿಂಹಾಸನಾಧೀಶ್ವರನೂ ಸೂಚನಾಪುಸ್ತಿಕಾತಿರಸ್ಕಾರಧುರಂಧರನೂ ಆದ ರೇಣುಕಪ್ರಸಾದನೆಂಬ ವೀರನಿದ್ದನು. ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟನಾಗಿದ್ದ ಅವನ ಹಜಾರದ ಗೋಡೆಯನ್ನು ಒಂದು ಬಾಗಿಲಿನಷ್ಟು ಅಗಲದ ಟಿವಿ ಅಲಂಕರಿಸಿತ್ತು. ಅದರಲ್ಲಿ ಅವನು ಮುಖ್ಯವಾಗಿ ಹವಾಮಾನ ವರದಿ ನೋಡುತ್ತಿದ್ದನು.

ಒಂದು ಭಾನುವಾರ ಮಧ್ಯಾಹ್ನ ಆ ಮನೆಗೆ ಅರಸೀಕೆರೆಯಿಂದ ಇನ್ನೊಬ್ಬ ವೀರನು ಕಾರಿನಲ್ಲಿ ಚಿತ್ತೈಸಿದನು. ಅವನು ಸಿಮೆಂಟ್‌ಮೂಟೆಸಹಸ್ರಾಧಿಪತಿ, ಗರಿಗರಿಬಿಳಿಯಂಗಿವಿಭೂಷಿತ, ಕೇಳದವರಿಗೂ ಸಲಹೆ ಕೊಡುವ ಮಹಾದಾನಿ ಓಂಕಾರಪ್ಪ. ರೇಣುಕಪ್ರಸಾದನ ಹೆಂಡತಿ ಶಶಿಕಲೆಯ ಅಕ್ಕನ ಗಂಡ, ಅಂದರೆ ಷಡ್ಡಕ. ಹಿರಿಯಳಿಯನೆಂಬ ಒಂದೇ ಬಿರುದಿನ ಬಲದಿಂದ ಕಿರಿಯಳಿಯನನ್ನು ಅವನು ಹಲವು ವರ್ಷಗಳಿಂದ ಅರೆಯುತ್ತ ಬಂದಿದ್ದನು. ಈ ದಿನ ಅವನು ತನ್ನೊಡನೆ ಅತ್ತೆ ಸರ್ವಮಂಗಳಮ್ಮನವರನ್ನೂ ಕರೆತಂದಿದ್ದನು; ಯುದ್ಧಕ್ಕೆ ಕಾರಣ ಅವರೇ.

ಸರ್ವಮಂಗಳಮ್ಮ ಇನ್ನೂ ಲಂಗ ದಾವಣಿ ಉಡುತ್ತಿದ್ದ ಕಾಲದಲ್ಲಿ ಅವರ ಊರ ಕೆರೆಯ ಬಳಿ ಸಿನಿಮಾದವರು ಬಂದಿಳಿದಿದ್ದರು. ನೀರು ತರುವ ಹುಡುಗಿಯರು ಬೇಕೆಂದರು. ಇವರೂ ಸೊಂಟದ ಮೇಲೆ ಕೊಡವಿಟ್ಟು ಏರಿಯ ಮೇಲೆ ನಡೆದರು. ವಿಷಯ ತಿಳಿದ ಅಪ್ಪ ಮನೆಯಲ್ಲಿ ಕೂಗಾಡಿ, ಆ ಚಿತ್ರ ನೋಡಲು ಸಿನಿಮಾ ಟೆಂಟಿನ ಕಡೆ ಕಾಲಿಟ್ಟರೆ ಕಾಲು ಮುರಿಯುವೆನೆಂದರು. ಆಮೇಲೆ ಮದುವೆಯಾಯಿತು, ಮಕ್ಕಳಾದವು. ಚಿತ್ರವೂ ಎಲ್ಲೋ ಕಣ್ಮರೆಯಾಯಿತು. "ನಾನೂ ಪಿಚ್ಚರಲ್ಲಿ ಇದೀನಿ ಕಣ್ರೋ" ಎಂದು ಅವರು ಹೇಳಿದಾಗಲೆಲ್ಲ ಮನೆಯವರು ಮಕ್ಕಳ ಮಾತಿಗೆ ತಲೆಯಾಡಿಸುವಂತೆ ತಲೆಯಾಡಿಸುತ್ತಿದ್ದರು. ಅಳಿಯಂದಿರಿಬ್ಬರು ಪರಸ್ಪರ ನೋಡಿಕೊಂಡು ಮೀಸೆಯೊಳಗೆ ನಗುತ್ತಿದ್ದರು. ಜಗತ್ತಿನಲ್ಲಿ ಆ ಇಬ್ಬರೂ ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಈಗ ಆ ಚಿತ್ರ ಅಂತರ್ಜಾಲದಲ್ಲಿ ಶಶಿಕಲೆಯ ಕಣ್ಣಿಗೆ ಬಿದ್ದು, ಅವಳ ಲ್ಯಾಪ್‌ಟಾಪಿಗೆ ಇಳಿದಿತ್ತು. ಸರ್ವಮಂಗಳಮ್ಮ ಆ ಪುಟ್ಟ ಪರದೆಗೆ ಮೂಗು ತಾಗಿಸಿ ನೋಡಿದರು.

"ಇದ್ರಲ್ಲಿ ಎಲ್ರೂ ಇರುವೆ ಥರ ಕಾಣ್ತಾರಲ್ಲೇ. ಕಣ್ಣು ಮೊದಲೇ ಮಬ್ಬು. ಆ ದೊಡ್ಡದ್ರಲ್ಲಿ ಹಾಕೇ, ತಾಯಿ."

"ತಡೀ ಅಮ್ಮಾ, ನಾನೇ ಹಾಕ್ತೀನಿ" ಎಂದು ಶಶಿಕಲೆ ಏಳುವಷ್ಟರಲ್ಲಿ ವೀರ ರೇಣುಕಪ್ರಸಾದನು ಸಿಂಹಾಸನದಿಂದೆದ್ದು ಪಂಚೆಯನ್ನು ಎತ್ತಿ ಕಟ್ಟಿದನು.

"ನೀನು ಕೂತ್ಕೋ, ಇದು ನಿನ್ ಕೈಲಾಗೋದಲ್ಲ. ಅತ್ತೆ, ಎರಡೇ ನಿಮಿಷ! ಒಂದು ವೈರು, ಈ ಕಡೆ ಒಂದು ತೂತು, ಆ ಕಡೆ ಒಂದು ತೂತು. ಕಾಲೇಜಲ್ಲಿ ಪ್ರೊಜೆಕ್ಟರ್ ಕೆಟ್ರೆ ಪ್ರಿನ್ಸಿಪಾಲ್ರು ಯಾರನ್ನ ಕರೀತಾರೆ, ಕೇಳಿ ಬೇಕಾದ್ರೆ!"

ಪ್ರಿನ್ಸಿಪಾಲರು ಅವನನ್ನೇ ಕರೆಯುತ್ತಿದ್ದುದು ನಿಜ. ರಿಪೇರಿಯವನಿಗೆ ಫೋನ್ ಮಾಡಿಸಲು.

ಇದನ್ನು ಕೇಳಿ ಓಂಕಾರಪ್ಪನು ಗುಹೆಯೊಳಗಿನ ಸಿಂಹದಂತೆ ನಕ್ಕನು. "ವೈರಾ? ಇನ್ನೂ ವೈರಲ್ಲೇ ಇದೀರಾ ಪ್ರಸಾದು? ನಮ್ಮೂರಲ್ಲಿ ಈಗ ಹಸುಗೂ ಹಗ್ಗ ಕಟ್ಟಲ್ಲ. ಎಲ್ಲಾ ಗಾಳೀಲೇ! ಲ್ಯಾಪ್‌ಟಾಪ್ ಇಲ್ ಕೊಡಿ."

"ಅಣ್ಣಾ, ಮನೆ ನಂದು, ಟಿವಿ ನಂದು. ಮೊದಲು ನಾನು."

ಹೀಗೆ ನುಡಿದು ರೇಣುಕಪ್ರಸಾದನು ಟಿವಿಯ ಹಿಂದಣ ಸಂದಿಯೆಂಬ ಘೋರಾರಣ್ಯವನ್ನು ಹೊಕ್ಕನು. ಧೂಳು ಹಾರಿತು, ಜೇಡಗಳು ನಿರಾಶ್ರಿತವಾದವು, ವೀರನು ಸೀನಿದನು. ಆದರೆ ಅಲ್ಲಿ ಅವಳಿಜವಳಿಯಂತಹ ಎರಡು ತೂತುಗಳಿದ್ದವು. ವೈರು ಮೊದಲನೆಯದರಲ್ಲಿದ್ದಾಗ ರಿಮೋಟು ಎರಡನೆಯದನ್ನು ಕರೆಯಿತು. ರಿಮೋಟು ಮೊದಲನೆಯದಕ್ಕೆ ಬಂದಾಗ ವೈರು ಎರಡನೆಯದಕ್ಕೆ ಹೋಗಿತ್ತು. ವಿರಹಿಗಳಂತೆ ಅವು ಒಂದನ್ನೊಂದು ಹುಡುಕುತ್ತ ಅಲೆದವು. ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಪದಗಳು ಮಾತ್ರ ಮೂಲೆಯಿಂದ ಮೂಲೆಗೆ ಯಾವ ಆತುರವೂ ಇಲ್ಲದೆ ವಾಯುವಿಹಾರ ಮಾಡುತ್ತಿದ್ದವು.

"ಆಯ್ತಾ ಎರಡು ನಿಮಿಷ?" ಎಂದು ಕೇಳಿ ಓಂಕಾರಪ್ಪನು ಲ್ಯಾಪ್‌ಟಾಪಿನಿಂದ ವೈರನ್ನು ಕಿತ್ತೆಸೆದನು. ಮಂತ್ರಾಸ್ತ್ರವನ್ನು ಹೂಡುವವನಂತೆ ಒಂದು ಗುಂಡಿಯನ್ನೊತ್ತಿದನು. ಸುತ್ತಮುತ್ತಲಿನ ಟಿವಿಗಳ ಹೆಸರುಗಳು ಸಾಲಾಗಿ ಮೂಡಿದವು. ಒಂದೇ ಕಂಪನಿಯ ಒಂದೇ ಬಗೆಯ ಎರಡು ಹೆಸರುಗಳಿದ್ದವು. ಓದುವುದು ಹೇಡಿಗಳ ಲಕ್ಷಣವೆಂದು ಬಗೆದ ಆ ಮಹಾವೀರನು ಮೇಲಿದ್ದುದನ್ನೇ ಒತ್ತಿದನು. 'ಕನೆಕ್ಟ್ ಆಗಿದೆ' ಎಂದಿತು ಲ್ಯಾಪ್‌ಟಾಪು.

"ನೋಡಿ! ಆಗೋಯ್ತು!" ಎಂದು ಚಿತ್ರವನ್ನು ಓಡಿಸಿದನು.

ಟಿವಿ ಕಪ್ಪಗೇ ಇತ್ತು. ಲ್ಯಾಪ್‌ಟಾಪಿನಲ್ಲಿ ಇರುವೆಯಂಥ ಜನರು ಓಡಾಡಿದರು. ಅವರ ದನಿಯೂ ಎಲ್ಲಿಗೋ ಹೋಗಿತ್ತು.

"ನಿಮ್ ಟಿವಿ ಹಳೇದು ಪ್ರಸಾದು, ಅದಕ್ಕೆ ಗಾಳಿ ಹಿಡಿಯಲ್ಲ."

"ಹಳೇದಾ? ಹೋದ ದೀಪಾವಳಿಗೆ ತಂದಿದ್ದು! ನಿಮ್ಗೆ ಬರಲ್ಲ ಅಂತ ಒಪ್ಕೊಳ್ಳಿ."

"ನಿಮ್ ಮದುವೇಲಿ ಛತ್ರದ ಕರೆಂಟ್ ಹೋದಾಗ ಫ್ಯೂಸ್ ಹಾಕಿದ್ದು ಯಾರು?"

"ತೆಗೆದಿದ್ದೂ ನೀವೇ ಅಂತ ಅಡುಗೆಭಟ್ಟರು ಹೇಳಿದ್ರು!"

ಸಮರವು ಇಂತು ಗತಕಾಲದ ಛತ್ರಗಳನ್ನೆಲ್ಲ ವ್ಯಾಪಿಸುತ್ತಿರಲು, ಕೆಳಗಿನ ಮನೆಯ ಒಡತಿ ಪಂಕಜಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು.

"ಶಶಿಕಲಾ! ನಮ್ ಟಿವೀಲಿ ಏನೋ ಪರ್ಮಿಷನ್ ಕೇಳ್ತು ಕಣೇ, ಸರಿ ಅಂತ ಒತ್ತಿದೆ. ಈಗ ಯಾವ್ದೋ ಹಳೇ ಪಿಚ್ಚರ್ ತಾನಾಗೇ ಬರ್ತಿದೆ! ಕೆರೆ, ಎತ್ತಿನಗಾಡಿ ಎಲ್ಲಾ!"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಶಶಿಕಲೆ ಗಂಡನ ಕಡೆ ತಿರುಗಿ ಹೇಳಲು ಬಾಯಿ ತೆರೆದಳು. ಸರ್ವಮಂಗಳಮ್ಮ ಅವಳ ಕೈ ಹಿಡಿದೆಳೆದರು.

"ಅವ್ರು ಆಡ್ಕೊಳ್ಳಲಿ ಬಿಡು. ಹೇಳಿದ್ರೆ ಅದನ್ನೂ ಸರಿ ಮಾಡಕ್ಕೆ ಬರ್ತಾರೆ. ಬಾ."

ಇಬ್ಬರೂ ಸದ್ದಿಲ್ಲದೆ ಇಳಿದು ಹೋದರು. ಪಂಕಜಮ್ಮನ ಮನೆಯ ಚಾಪೆಯ ಮೇಲೆ, ಚುರುಮುರಿಯ ಬಟ್ಟಲು ಮಧ್ಯದಲ್ಲಿಟ್ಟುಕೊಂಡು, ಮೂವರು ಹೆಂಗಸರು ನೋಡತೊಡಗಿದರು. ಚಿತ್ರ ತೀರಾ ಸಾಧಾರಣವಾಗಿತ್ತು. ನಾಯಕ ಹಾಡಿದ, ಅತ್ತ, ಮತ್ತೆ ಹಾಡಿದ. ಸರ್ವಮಂಗಳಮ್ಮ ಮಾತ್ರ ರೆಪ್ಪೆ ಬಡಿಯಲಿಲ್ಲ. ಬಾಯಿಗೆ ಹಾಕಿದ ಚುರುಮುರಿಯನ್ನು ಅಗಿಯುವುದನ್ನೂ ಮರೆತಿದ್ದರು. ಕೊನೆಗೆ ಕೆರೆ ಏರಿ ಕಾಣಿಸಿತು.

"ಇದೇ! ಇದೇ ನಮ್ಮೂರ ಏರಿ! ಆ ಅರಳಿ ಮರ ದಾಟಿದ ಮೇಲೆ ನಾನು..."

ಅದೇ ಕ್ಷಣದಲ್ಲಿ ಮಹಡಿಯ ಮೇಲೆ ರೇಣುಕಪ್ರಸಾದನು, "ಸಾಕು ನಿಮ್ ಗಾಳಿ!" ಎಂದು ಗರ್ಜಿಸಿ, ಷಡ್ಡಕನ ಮಂತ್ರಾಸ್ತ್ರವನ್ನು ಕಡಿದು, ವೈರನ್ನು ಮತ್ತೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಿಂದ ಟಿವಿಯ ಯಾವುದೋ ತೂತಿಗೆ ಚುಚ್ಚಿ, ಬಲಗೈಯಿಂದ ರಿಮೋಟನ್ನು ಒತ್ತಿದನು. ದೈವವಶಾತ್ ಎರಡೂ ಒಂದಾದವು. ಪಂಕಜಮ್ಮನ ಟಿವಿ ಕಪ್ಪಾಯಿತು. ಮೇಲೆ, ಬಾಗಿಲಿನಗಲದ ಪರದೆ ಬೆಳಗಿತು.

ಏರಿಯ ಮೇಲೆ ಹುಡುಗಿಯರ ಸಾಲೊಂದು ನಡೆದು ಬಂದಿತು. ಎಲ್ಲರೂ ಹೇಳಿಕೊಟ್ಟಂತೆ ತಲೆ ತಗ್ಗಿಸಿದ್ದರು. ಕೊನೆಯವಳೊಬ್ಬಳು ಮಾತ್ರ ನಿಂತು, ನೇರವಾಗಿ ಕ್ಯಾಮೆರಾವನ್ನು ನೋಡಿ, ಹಲ್ಲು ಬಿಟ್ಟು ನಕ್ಕಳು. ಸಂಶಯವೇ ಇರಲಿಲ್ಲ. ಅದೇ ಗಲ್ಲ, ಅದೇ ಕೊಂಚ ಓರೆಯಾದ ಮುಂದಿನ ಹಲ್ಲು. ಅವಳ ನಗು ನಂಬದೆ ಕಳೆದ ವರ್ಷಗಳನ್ನೆಲ್ಲ ದಾಟಿ ಬಂದು ನಂಬದವರ ಮುಖಕ್ಕೇ ತಗುಲಿತು. ಮೀಸೆಯೊಳಗೆ ನಗುತ್ತಿದ್ದ ಆ ಇಬ್ಬರು ಬಿಟ್ಟರೆ ಆ ಕೋಣೆಯಲ್ಲಿ ಅದನ್ನು ಕಂಡವರಿರಲಿಲ್ಲ.

"ಪ್ರಸಾದು, ಅತ್ತೆ ಅಲ್ವೇನ್ರಿ ಅದು?" ಎಂದನು ಓಂಕಾರಪ್ಪ, ಮೆಲ್ಲಗೆ.

"ಹೂಂ ಅಣ್ಣಾ. ಅತ್ತೇನೇ." ಅವನು ತಿರುಗಿ ನೋಡಿದನು. ಸೋಫಾ ಖಾಲಿಯಿತ್ತು. "ಅತ್ತೆ ಎಲ್ಲಿ?"

ಮೆಟ್ಟಿಲ ಮೇಲೆ ಗುಡುಗು ಕೇಳಿಸಿತು. ಮಂಡಿನೋವಿನಿಂದ ಬರುವಾಗ ಓಂಕಾರಪ್ಪನ ತೋಳು ಹಿಡಿದು ಹತ್ತಿದ್ದ ಸರ್ವಮಂಗಳಮ್ಮ ಈಗ ಒಬ್ಬರೇ ಹತ್ತಿ ಬಂದಿದ್ದರು.

"ಯಾರು ಆರಿಸಿದ್ದು? ನಾನ್ ಬರೋ ಹೊತ್ತಿಗೇ ಯಾರು ಆರಿಸಿದ್ದು?"

ವೀರರಿಬ್ಬರೂ ಏಕಕಾಲದಲ್ಲಿ ಪರಸ್ಪರ ಬೆರಳು ತೋರಿಸಿದರು.

"ಪಿಚ್ಚರಲ್ಲಿ ಬಂದ್ರಿ ಅತ್ತೆ, ನೋಡಿದ್ವಿ, ನೀವೇ..." ಎಂದು ರೇಣುಕಪ್ರಸಾದನು ತೊದಲಿದನು.

"ನೀವ್ ನೋಡಿದ್ರೆ ನಂಗೇನಾಯ್ತು? ನಾನ್ ನೋಡಬೇಕಿತ್ತು!" ಅವರ ಕಣ್ಣು ತುಂಬಿತು. ಇಬ್ಬರು ಮಹಾರಥರಿಗೂ ತಮ್ಮ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಹಿಂದೆಯೇ ಬಂದ ಶಶಿಕಲೆ ಲ್ಯಾಪ್‌ಟಾಪಿನತ್ತ ಬಾಗಿ, ಬೆರಳಿನಿಂದ ಚಿತ್ರವನ್ನು ಚೂರು ಹಿಂದಕ್ಕೆ ಎಳೆದಳು. ಅರಳಿ ಮರ ಬಂತು. ಹುಡುಗಿಯರು ಬಂದರು. ಕೊನೆಯವಳು ನಿಂತು ನಕ್ಕಳು. ಸರ್ವಮಂಗಳಮ್ಮ ಟಿವಿಯ ಹತ್ತಿರ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಿಂತರು.

"ಇನ್ನೊಂದ್ಸಲ."

ಇನ್ನೊಂದು ಸಲವೂ ಆಯಿತು.

"ನಗಬೇಡ ಅಂದಿದ್ರು. ನಗು ಬಂದ್ಬಿಡ್ತು, ಏನ್ ಮಾಡ್ಲಿ" ಎಂದರು ಅವರು, ಯಾರಿಗೋ ಸಮಜಾಯಿಷಿ ಕೊಡುವಂತೆ. ಆಮೇಲೆ ಅಳಿಯಂದಿರ ಕಡೆ ತಿರುಗಿದರು. "ನೋಡಿದ್ರಾ?"

"ನೋಡಿದ್ವಿ ಅತ್ತೆ" ಎಂದವು ಎರಡು ಸಣ್ಣ ದನಿಗಳು.

"ಹಾಂ. ಇನ್ನು ಆರಿಸಿ. ಮಿಕ್ಕಿದ್ ಪಿಚ್ಚರ್ ಏನೂ ಚೆನ್ನಾಗಿಲ್ಲ" ಎಂದು ಹೇಳಿ ಸರ್ವಮಂಗಳಮ್ಮ ಪಂಕಜಮ್ಮನಿಗೆ ಸುದ್ದಿ ಮುಟ್ಟಿಸಲು ಮಗಳೊಡನೆ ಕೆಳಗಿಳಿದರು.

ಆದರೆ ಗೆದ್ದ ರಾಜ್ಯವನ್ನು ಬಿಟ್ಟೇಳುವ ವೀರರುಂಟೇ? ವೈರು ತನ್ನದೆಂದು ಒಬ್ಬನು, ಚಿತ್ರ ಓಡಿಸಿದ್ದು ತಾನೆಂದು ಇನ್ನೊಬ್ಬನು, ಸೋಫಾದ ಎರಡು ತುದಿಗಳಲ್ಲಿ ಎದೆ ಸೆಟೆಸಿ ಕುಳಿತು, ಆ ಬೃಹತ್ಪರದೆಯ ಮುಂದೆ ಮಿಕ್ಕಿದ್ದನ್ನು ನೋಡತೊಡಗಿದರು. ನಾಯಕನು ಮತ್ತೊಮ್ಮೆ ಹಾಡಲು ಬಾಯಿ ತೆರೆದನು. ಹಾಡು ಪಲ್ಲವಿ ದಾಟುವ ಮೊದಲೇ ಷಡ್ಡಕರಿಬ್ಬರೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.